ರೇಷನ್ ಅಂಗಡಿಯ ಕಟ್ಟೆಗೆ ಹೋದ ಜೋಳ

ನನ್ನ ಜೋಳದ ಗಡಗಿಯಲ್ಲಿ ಕೈ ಹಾಕಿದವನು ಇನ್ನೂ ಬದುಕಿದ್ದಾನೆ. ಗಟ್ಟಿಮುಟ್ಟಾಗಿದ್ದಾನೆ. ದಿನಾ ಮುಂಜಾನೆ ನಮ್ಮ ಓಣಿಯಿಂದಲೇ ಹೊಲಕ್ಕೆ ಹೋಗುತ್ತಾನೆ. ನಮ್ಮ ಮನೆ ಮುಂದೆ ಬಂದಾಗ ಮಾತ್ರ ಆ ಕಡೆಯ ಗೋಡೆ ನೋಡುತ್ತಾನೆ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ.

ನಮ್ಮದು ಯಲಬುರ್ಗಾ ಸೀಮೆಯ ಎರೆ ನೆಲದ ಊರು. ಜೋಳ ಬೆಳೆಯುವವರು, ಜೋಳ ತಿನ್ನುವವರು. ನನಗೆ ಹೊಲ ಇಲ್ಲ. ಮಗ ಸತ್ತು ಬಹಳ ವರ್ಷವಾಯಿತು, ಆ ಮಾತು ಇಲ್ಲಿ ಬೇಡ. ಸೊಸೆ ಕೂಲಿಗೆ ಹೋಗುತ್ತಾಳೆ, ಮೊಮ್ಮಗಳು ಸಾಲೆಗೆ ಹೋಗುತ್ತಾಳೆ, ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತೇನೆ. ತಿಂಗಳಿಗೊಮ್ಮೆ ರೇಷನ್ ಅಂಗಡಿಯ ಮಷೀನಿಗೆ ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಸಿಗುತ್ತದೆ. ಪುಕ್ಕಟೆ. ಅದು ಇಲ್ಲದಿದ್ದರೆ ನಮ್ಮ ಒಲೆ ಹೊತ್ತುವುದಿಲ್ಲ, ಇದನ್ನು ನಾನು ಯಾವತ್ತೂ ಇಲ್ಲ ಎಂದಿಲ್ಲ.

ಆದರೆ ಅಕ್ಕಿ ನಮ್ಮ ಊಟವಲ್ಲ. ಅನ್ನ ಉಂಡು ಕಳೆ ತೆಗೆಯಲು ಹೋದ ಸೊಸೆಗೆ ಹೊತ್ತು ನೆತ್ತಿಗೆ ಬರುವುದರೊಳಗೆ ಹೊಟ್ಟೆ ಖಾಲಿ. ಎರಡು ರೊಟ್ಟಿ, ಒಂದಿಷ್ಟು ಪುಂಡಿ ಪಲ್ಯ, ಒಂದು ಉಳ್ಳಾಗಡ್ಡಿ ಕಟ್ಟಿಕೊಟ್ಟರೆ ಸಂಜೆತನಕ ಬಗ್ಗಿದ ನಡು ಎತ್ತದೆ ಕೆಲಸ ಮಾಡುತ್ತಾಳೆ. ಗಂಗಾವತಿ, ನವಲಿ ಕಡೆಯ ಭತ್ತ ಬೆಳೆಯುವವರು ಅನ್ನ ಉಂಡೇ ದುಡಿಯುತ್ತಾರೆ. ಅವರ ಹೊಟ್ಟೆ ಹಾಗೆ ಪಳಗಿದೆ. ನಮ್ಮದು ಪಳಗಿಲ್ಲ. ಮೇಲೆ ನನಗೆ ಸಕ್ಕರೆ ಬೇನೆ. ಕುಷ್ಟಗಿಯ ದವಾಖಾನೆಯಲ್ಲಿ ಅನ್ನ ಬಿಡು, ರೊಟ್ಟಿ ತಿನ್ನು ಎಂದು ಹೇಳಿ ಕಳಿಸಿದ್ದರು. ನಡುವೆ ಒಂದೆರಡು ಸಲ ರೇಷನ್ನಿನಲ್ಲಿ ಜೋಳ ಕೊಟ್ಟರು. ಆಮೇಲೆ ನಿಲ್ಲಿಸಿದರು. ಯಾಕೆ ಕೊಟ್ಟರು, ಯಾಕೆ ನಿಲ್ಲಿಸಿದರು ಎಂದು ನಮ್ಮನ್ನು ಯಾರೂ ಕೇಳಲಿಲ್ಲ.

ಹಾಗಾಗಿ ನಮ್ಮ ಓಣಿಯವರು ಬದಲಿ ಮಾಡಿಕೊಳ್ಳುತ್ತಿದ್ದೆವು. ರೇಷನ್ ಹಂಚಿದ ಮರುದಿನ ಒಂದು ಟಂಟಂ ಗಾಡಿ ಬರುತ್ತಿತ್ತು. ಗಾಡಿಯವನು ಅಕ್ಕಿ ತೆಗೆದುಕೊಂಡು ಜೋಳ ಕೊಡುತ್ತಿದ್ದ. ತೂಕದಲ್ಲಿ ಮೋಸ ಮಾಡುತ್ತಿದ್ದ, ಅದು ನಮಗೂ ಗೊತ್ತಿತ್ತು, ಬೈದೇ ಕೊಡುತ್ತಿದ್ದೆವು. ಹಬ್ಬಕ್ಕೆಂದು ಒಂದಿಷ್ಟು ಅಕ್ಕಿ ಇಟ್ಟುಕೊಂಡು ಉಳಿದದ್ದನ್ನು ಸುರಿದುಬಿಡುತ್ತಿದ್ದೆ. ಜೋಳ ಗಡಗಿಗೆ ಬಂದ ದಿನ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಇದು ಕಾಯ್ದೆಯ ಪ್ರಕಾರ ತಪ್ಪು. ರೇಷನ್ ಅಕ್ಕಿ ಮಾರಬಾರದು, ಬದಲಿಸಬಾರದು. ಇದನ್ನು ಹೇಳಿಕೊಂಡೇ ನಮ್ಮೂರ ಸಾವುಕಾರ ಓಣಿಗೆ ಇಳಿದದ್ದು. ರೇಷನ್ ಅಂಗಡಿಯ ಮೇಲೆ ಕಣ್ಣಿಡಲು ಊರಲ್ಲಿ ಒಂದು ಸಮಿತಿ ಮಾಡಿದ್ದಾರೆ. ಅವನು ಅದರ ಮೆಂಬರು. ಅಂಗಡಿಯ ಮೇಲೆ ಕಣ್ಣಿಡಬೇಕಾದವನು ನಮ್ಮ ಅಡುಗೆಮನೆಯ ಮೇಲೆ ಇಟ್ಟ. ಅವನಿಗೆ ಇಲ್ಲಿ ಎರೆ ಹೊಲದಲ್ಲಿ ಜೋಳ, ನವಲಿ ಹತ್ತಿರ ಕಾಲುವೆ ಹೊಲದಲ್ಲಿ ಭತ್ತ. ಎರಡೂ ಊಟ ಅವನ ಮನೆಯಲ್ಲಿವೆ.

ಮುಂಗಾರಿ ಬಿತ್ತಿಗೆಯ ದಿನಗಳು. ಅಂದು ಅಂಗಡಿಯಲ್ಲಿ ಅಕ್ಕಿ ಹಂಚುತ್ತಿದ್ದರು. ಅವನು ಮನೆಮನೆಗೆ ಹೋಗಿ ಡಬ್ಬಿ, ಗಡಗಿಗಳ ಮುಚ್ಚಳ ತೆಗೆಸುತ್ತ ಬಂದ. ಹೊಲ ಇಲ್ಲದವರ ಮನೆಯಲ್ಲಿ ಜೋಳ ಇದ್ದರೆ ಅಕ್ಕಿ ಮಾರಿದ್ದಾರೆ ಎಂದು ಲೆಕ್ಕ. ಉಳಿದವರು ಮುಖ ಸಣ್ಣ ಮಾಡಿಕೊಂಡು ತಪ್ಪಾಯಿತು ಎಂದರು. ಅವರನ್ನು ಬೈದು ಬಿಟ್ಟ. ನಮ್ಮ ಮನೆಗೆ ಬಂದವನು ನಾನು ಮುಚ್ಚಳ ತೆಗೆಯುವವರೆಗೆ ಕಾಯಲಿಲ್ಲ. ತಾನೇ ತೆಗೆದು ಮೊಣಕೈತನಕ ಕೈ ಇಳಿಸಿದ. ಹೊಲದಿಂದ ಬಂದ ಕೈ, ತೊಳೆದಿರಲಿಲ್ಲ. ತಿನ್ನುವ ಕಾಳಿನಲ್ಲಿ ನನ್ನ ಸೊಸೆ ಕೂಡ ಹಾಗೆ ಕೈ ಹಾಕುವುದಿಲ್ಲ.

“ಹೊಲ ಇಲ್ಲ, ಬೆಳಿ ಇಲ್ಲ. ಜ್ವಾಳ ಎಲ್ಲಿಂದ ಬಂತಬೇ ದೊಡ್ಡವ್ವ?” ಎಂದ.

“ನಿಮ್ಮ ಹೊಲದಾಗಿಂದ ಕದ್ದು ತಂದಿಲ್ಲ ಬಿಡ್ರಿ ಸಾವ್ಕಾರ್ರ,” ಎಂದೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನನ್ನೂ ಬೈದು ಬಿಡುತ್ತಿದ್ದನೇನೋ ಎಂದು ಸೊಸೆ ಇವತ್ತಿಗೂ ಹೇಳುತ್ತಾಳೆ. ಹೇಳಲಿ. ಅವನು ಗಡಗಿಯನ್ನೇ ಎತ್ತಿಕೊಂಡು ಹೊರಟ. ನಾನು ಹಿಂದೆ ಹಿಂದೆ ನಡೆದೆ. ರೇಷನ್ ಅಂಗಡಿಯ ಮುಂದೆ ಪಾಳಿ ಹಚ್ಚಿದ ಮಂದಿ ನೋಡುತ್ತಿದ್ದಂತೆ ಜೋಳವನ್ನೆಲ್ಲ ಕಟ್ಟೆಯ ಮೇಲೆ ಸುರಿದ.

“ನೋಡ್ರಿ, ಸರಕಾರ ಅಕ್ಕಿ ಕೊಟ್ರ ಈ ಮುದುಕಿ ಅದನ್ನ ಮಾರಿ ಜ್ವಾಳ ತಿಂತಾಳ. ಪುಕ್ಕಟ ಸಿಕ್ಕ ಕೂಳಿಗೆ ರುಚಿ ಬ್ಯಾರೆ ಬೇಕು ಈಕಿಗೆ.”

ಪಾಳಿಯವರು ನಕ್ಕರು. ನಕ್ಕ ಎಷ್ಟೋ ಮಂದಿಯ ಮನೆಯಲ್ಲಿ ಅದೇ ಟಂಟಂನ ಜೋಳ ಇತ್ತು. ಅವನು ಗಡಗಿಯನ್ನು ಕುಕ್ಕಿದ ಹೊಡೆತಕ್ಕೆ ಅದರ ಅಂಚು ಒಡೆಯಿತು. ನಾನು ಕುಂತು ಸೆರಗಿಗೆ ಜೋಳ ಬಳಿದುಕೊಂಡೆ, ಮಣ್ಣು ಸಮೇತ. ಅಳಲಿಲ್ಲ. ಅವನ ಚಪ್ಪಲಿ ನನ್ನ ಕೈ ಪಕ್ಕದಲ್ಲೇ ಇತ್ತು, ಅದನ್ನು ನೋಡುತ್ತ ಬಳಿದೆ.

ನನ್ನ ರೇಷನ್ ಕಾರ್ಡು ಬಂದ್ ಆಯಿತು. ಅವನೇ ಮೇಲೆ ಹೇಳಿ ನಿಲ್ಲಿಸಿದ್ದ. ಕೇಳಲು ಹೋದರೆ, ಅದೇ ಅಂಗಡಿಯ ಮುಂದೆ, ಅದೇ ಪಾಳಿಯ ಎದುರಿಗೆ ನಿಂತು ತಪ್ಪಾಯಿತು ಎನ್ನಬೇಕು, ಆಗ ಚಾಲೂ ಮಾಡಿಸುತ್ತೇನೆ ಎಂದ. ಅಂದುಬಿಡು ಅತ್ತಿ, ಬಾಯಿಮಾತು ತಾನೇ ಎಂದು ಸೊಸೆ ಕೈ ಮುಗಿದಳು. ನಾನು ಅನ್ನಲಿಲ್ಲ. ಆ ಮಳೆಗಾಲವೆಲ್ಲ ಅಕ್ಕಿಯೂ ಇಲ್ಲ, ಅದಕ್ಕೆ ಬದಲಿ ಜೋಳವೂ ಇಲ್ಲ. ಸೊಸೆ ಕೂಲಿ ಮಾಡಿ ಜೋಳ ಕೊಂಡಳು. ನಾನು ಒಂದು ಹೊತ್ತು ಉಂಡೆ. ಹಸಿವೆಯಾದಾಗೆಲ್ಲ ಅವನ ಕೈ ನೆನಪಾಗುತ್ತಿತ್ತು. ಅದರಿಂದ ಒಂದು ಅನುಕೂಲವಾಯಿತು, ಮರೆಯಲಿಲ್ಲ.

ದೀಪಾವಳಿ ದಾಟಿದ ಮೇಲೆ ಅವನ ಮಗಳ ಮದುವೆ ಗೊತ್ತಾಯಿತು. ಬೀಗರು ಕುಷ್ಟಗಿ ಕಡೆಯವರು. ನಮ್ಮ ಕಡೆ ಮದುವೆಗೆ ಎಷ್ಟು ಸಿಹಿ ಮಾಡಿದರೂ ಎಲೆಗೆ ಜೋಳದ ರೊಟ್ಟಿ ಬೀಳದಿದ್ದರೆ ಊಟವಾಯಿತು ಎನ್ನುವುದಿಲ್ಲ. ಅಷ್ಟು ರೊಟ್ಟಿಯನ್ನು ಒಂದೇ ಮನೆಯಲ್ಲಿ ಬಡಿಯಲು ಆಗುವುದಿಲ್ಲ. ಅದಕ್ಕೇ ಮದುವೆ ಮನೆಯವರು ಜೋಳ ಬೀಸಿಸಿ, ಹಿಟ್ಟನ್ನು ಚೀಲಗಳಲ್ಲಿ ಕಟ್ಟಿ ಓಣಿಯ ಮನೆಗಳಿಗೆ ಹಂಚುತ್ತಾರೆ. ಹೆಂಗಸರು ತಮ್ಮ ತಮ್ಮ ಒಲೆಯ ಮೇಲೆ ಬಡಿದು, ಕಟಕ್ಕೆಂದು ಮುರಿಯುವ ಹಾಗೆ ಒಣಗಿಸಿ, ಬುಟ್ಟಿಯಲ್ಲಿ ಜೋಡಿಸಿ ಕೊಡುತ್ತಾರೆ. ಕೂಲಿ ಇಲ್ಲ. ಮದುವೆಯ ದಿನ ರವಿಕೆಗೆ ಒಂದು ಕುಬಸದ ಕಣ, ಎಲೆ ಅಡಿಕೆ, ಅಷ್ಟೇ. ಯಾರೂ ಒಲ್ಲೆ ಎಂದದ್ದಿಲ್ಲ.

ಒಂದು ವಾರ ಮೊದಲು ಅವನ ಮನೆಯಿಂದ ಹಿಟ್ಟಿನ ಚೀಲಗಳು ನಮ್ಮ ಓಣಿಗೆ ಬಂದವು. ಒಂದು ನನ್ನ ಮನೆಗೂ ಬಂತು. ಅವನ ಹೆಂಡತಿಯೇ ಮುಂದೆ ನಿಂತು ಇಳಿಸಿಕೊಟ್ಟಳು, ನಿನ್ನ ರೊಟ್ಟಿ ತೆಳ್ಳಗಿರುತ್ತವೆ, ಬೀಗರ ಪಂಕ್ತಿಗೆ ಅವೇ ಇರಲಿ ಎಂದಳು. ಆಕೆಗೆ ಏನೂ ಅನ್ನಿಸಿರಲಿಕ್ಕಿಲ್ಲ. ಗಂಡನಿಗೂ ಅನ್ನಿಸಿರಲಿಕ್ಕಿಲ್ಲ. ಯಾವ ಮನೆಗಳಲ್ಲಿ ಜೋಳ ಸಿಕ್ಕರೆ ಕಳ್ಳಮಾಲು ಎಂದಿದ್ದನೋ ಅದೇ ಮನೆಗಳಿಗೆ ತಾನೇ ಜೋಳ ಕಳಿಸಿದ್ದ.

ನಾನು ಚೀಲದ ಬಾಯಿ ಬಿಚ್ಚಲಿಲ್ಲ. ಅಂದು ಸಂಜೆ ಒಂದೊಂದೇ ಮನೆಗೆ ಹೋಗಿ ಕುಂತು, ನೀವೂ ಬಿಚ್ಚಬೇಡಿ ಎಂದು ಹೇಳಿ ಬಂದೆ. ಎರಡು ಮನೆಯವರು ಹೆದರಿದರು, ಅವರ ಚೀಲವನ್ನು ನಾನೇ ಎತ್ತಿಕೊಂಡು ಬಂದೆ. ಉಳಿದವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಮುಚ್ಚಳ ತೆಗೆಸಿಕೊಂಡದ್ದನ್ನು ಹೆಂಗಸರು ಮರೆಯುವುದಿಲ್ಲ. ರೊಟ್ಟಿ ಆದವೇನಬೇ ಎಂದು ಸಾವುಕಾರನ ಮನೆಯ ಆಳು ಕೇಳಿದಾಗೆಲ್ಲ ಎಲ್ಲರದೂ ಒಂದೇ ಮಾತು, ಆಗುತ್ತವೆ.

ಜೋಳದ ಹಿಟ್ಟಿನ ಜಿಗಿ, ಅದರ ಅಂಟು, ದಿನ ಕಳೆದಷ್ಟೂ ಹೋಗುತ್ತದೆ. ಬೀಸಿದ ಒಂದೆರಡು ದಿನದಲ್ಲಿ ಬಡಿದರೆ ರೊಟ್ಟಿ ಹಗುರಾಗಿ ತಿರುಗುತ್ತದೆ. ವಾರ ಬಿಟ್ಟರೆ ಅಂಚು ಸೀಳುತ್ತದೆ, ಹಂಚಿಗೆ ಹಾಕುವುದರೊಳಗೆ ಹರಿಯುತ್ತದೆ. ಇದು ನಮ್ಮ ಕಡೆಯ ಎಲ್ಲ ಹುಡುಗಿಯರೂ ಬಲ್ಲ ಮಾತು. ಚೀಲ ಮೂಲೆಯಲ್ಲಿ ಕುಂತೇ ಇತ್ತು. ನಾನು ದಿನಾ ಅದರ ಮಗ್ಗುಲಲ್ಲೇ ಮಲಗಿದೆ.

ಮದುವೆಯ ಹಿಂದಿನ ದಿನ ಅಂಗಡಿಯಲ್ಲಿ ಅಕ್ಕಿ ಹಂಚುತ್ತಿದ್ದರು. ಪಾಳಿ ಉದ್ದಕ್ಕೆ ಇತ್ತು. ನಾವು ಹೆಂಗಸರು ಚೀಲ ಹೊತ್ತುಕೊಂಡು ಹೋಗಿ ಒಂದೊಂದಾಗಿ ಆ ಕಟ್ಟೆಯ ಮೇಲೆ ಇಳಿಸಿದೆವು. ನನ್ನ ಜೋಳ ಸುರಿದಿದ್ದ ಜಾಗದಲ್ಲೇ. ಅವನಿಗೆ ಹೇಳಿ ಕಳಿಸಿದೆ. ಮದುವೆ ಹಂದರದ ಕೆಲಸ ಬಿಟ್ಟು ಓಡಿ ಬಂದ.

“ಏನಿದು ದೊಡ್ಡವ್ವ?”

“ಜ್ವಾಳದ ಹಿಟ್ಟು ಸಾವ್ಕಾರ್ರ. ಹೊಲ ಇಲ್ಲದವರ ಮನ್ಯಾಗ ಸಿಕ್ಕೈತಿ. ಎಲ್ಲಿಂದ ಬಂತು ಅಂತ ಕೇಳ್ರಿ.”

ಅವನು ಪಾಳಿಯ ಕಡೆ ನೋಡಿದ. ಯಾರೂ ಅಕ್ಕಿಯ ಕಡೆ ನೋಡುತ್ತಿರಲಿಲ್ಲ.

“ನಂದು,” ಎಂದ.

“ಹಿಂದಿನವರಿಗೆ ಕೇಳಿಸಲಿಲ್ಲರಿ.”

“ನಂದಬೇ, ನಾನ ಕೊಟ್ಟಿದ್ದು. ನಾಳೆ ಬೀಗರು ಬರ್ತಾರ, ಮರ್ಯಾದಿ ಪ್ರಶ್ನೆ ಐತಿ. ರಾತ್ರಿ ಕುಂತು ಬಡಿದುಕೊಡ್ರಿ. ನಿನ್ನ ಕಾರ್ಡ ನಾಳೆನ ಚಾಲೂ ಮಾಡಸ್ತೀನಿ.”

ಅಲ್ಲಿ ಒಪ್ಪಬಹುದಿತ್ತು. ಸೊಸೆ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಆದರೆ ಅವನು ಕಾರ್ಡಿನ ಮಾತಾಡಿದ, ಗಡಗಿಯ ಮಾತಾಡಲಿಲ್ಲ.

“ಹಿಟ್ಟಿನ ಜಿಗಿ ಹೋಗೇತ್ರಿ,” ಎಂದೆ. “ಬೀಗರಿಗೆ ಅಕ್ಕಿ ಬೇಯಿಸಿ ಹಾಕ್ರಿ. ಪುಕ್ಕಟ ಉಣ್ಣಾಕ ಬಂದವರಿಗೆ ರುಚಿ ಯಾಕ ಬೇಕು?”

ಪಾಳಿಯವರು ನಕ್ಕರು. ಅವರೇ, ಅದೇ ನಗು.

ರಾತ್ರಿ ಕುಷ್ಟಗಿಗೆ ಗಾಡಿ ಓಡಿಸಿ ಸಿಕ್ಕಷ್ಟು ರೊಟ್ಟಿ ಕೊಂಡು ತಂದರಂತೆ. ಮೊದಲ ಪಂಕ್ತಿಯಲ್ಲೇ ಮುಗಿದವು. ನಾನು ಮದುವೆಗೆ ಹೋದೆ. ಎರಡನೇ ಪಂಕ್ತಿಯಲ್ಲಿ ಬೀಗರ ಕಡೆಯ ಮುದುಕರ ಎದುರಿಗೇ ಜಾಗ ಸಿಕ್ಕಿತು. ಎಣ್ಣೆಗಾಯಿ ಪಲ್ಯ ಬಡಿಸಿದ ಮೇಲೆ ಒಬ್ಬ ಮುದುಕ ಕೈ ಕಟ್ಟಿಕೊಂಡು ಕುಂತ. ಬಡಿಸುವವರು ಅನ್ನ ತಂದರು. “ರೊಟ್ಟಿ ಬರ್ಲಿ, ಆಮ್ಯಾಲ ಅನ್ನ,” ಎಂದ. ರೊಟ್ಟಿ ಮುಗಿದಿವೆ ಎಂದರು. ಅವನು ಎಲೆ ಬಿಟ್ಟು ಎದ್ದ. ಅವನ ಹಿಂದೆ ಇನ್ನೂ ನಾಲ್ಕೈದು ಜನ ಎದ್ದರು. ಸಾವುಕಾರ ಟವೆಲ್ಲು ಹೆಗಲಿಂದ ಕೈಗೆ ತೆಗೆದುಕೊಂಡು ಅವರ ಹಿಂದೆ ಹಂದರದ ಬಾಗಿಲತನಕ ಹೋದ. ನಾನು ಸಕ್ಕರೆ ಬೇನೆಯವಳು, ಆದರೂ ಅಂದು ಅನ್ನ ಹಾಕಿಸಿಕೊಂಡು ಪೂರ್ತಿ ಉಂಡೆ. ಬಿಸಿ ಇತ್ತು.

ಆ ಹುಡುಗಿಗೆ ಅತ್ತೆಯ ಮನೆಯಲ್ಲಿ ಈಗಲೂ ರೊಟ್ಟಿ ಇಲ್ಲದ ಮನೆಯಾಕಿ ಎನ್ನುತ್ತಾರಂತೆ. ಹುಡುಗಿ ಏನು ಮಾಡಿದ್ದಳು ಎಂದು ಸೊಸೆ ಕೇಳುತ್ತಾಳೆ. ಏನೂ ಮಾಡಿರಲಿಲ್ಲ. ಆ ಮಳೆಗಾಲ ಒಂದು ಹೊತ್ತು ಉಂಡು ಸಾಲೆಗೆ ಹೋದ ನನ್ನ ಮೊಮ್ಮಗಳೂ ಏನೂ ಮಾಡಿರಲಿಲ್ಲ. ಅದನ್ನು ಆ ಮದುವೆ ಹುಡುಗಿಯ ಅಪ್ಪನಿಗೆ ಕೇಳಲಿ.

ಕಾರ್ಡಿನ ಆಸೆಯನ್ನು ನಾನು ಬಿಟ್ಟಿದ್ದೆ. ಸೊಸೆ ಬಿಡಲಿಲ್ಲ. ಯಲಬುರ್ಗಾದ ಕಚೇರಿಗೆ ಅಲೆದು ಅಲೆದು ಬೇಸಿಗೆಯಲ್ಲಿ ಚಾಲೂ ಮಾಡಿಸಿಕೊಂಡು ಬಂದಳು. ಕಾಯ್ದೆ ಇದ್ದ ಹಾಗೇ ಇದೆ. ಕೊಡುವುದೂ ಅಕ್ಕಿಯೇ. ಟಂಟಂ ಈಗಲೂ ಬರುತ್ತದೆ, ನಾನು ಹಾಡಹಗಲಲ್ಲೇ ಬದಲಿ ಮಾಡಿಕೊಳ್ಳುತ್ತೇನೆ. ಅವನು ಮತ್ತೆ ನಮ್ಮ ಓಣಿಯ ಮುಚ್ಚಳ ಮುಟ್ಟಿಲ್ಲ.

ಹೊಸ ಗಡಗಿ ತರುತ್ತೇನೆ ಎಂದು ಸೊಸೆ ಎರಡು ಸಲ ಅಂದಳು. ಬೇಡ ಎಂದೆ. ಅಂಚು ಒಡೆದದ್ದರಲ್ಲೇ ಜೋಳ ತುಂಬಿ, ಮುಂಜಾನೆ ಅವನು ಹೊಲಕ್ಕೆ ಹೋಗುವ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ತಂದಿಡುತ್ತೇನೆ. ಮುಚ್ಚಳ ಹಾಕುವುದಿಲ್ಲ. ಅವನು ದಾಟಿ ಹೋದ ಮೇಲೆ ಒಳಗೆ ಒಯ್ಯುತ್ತೇನೆ.