ಎಲೆಡಬ್ಬಿ ಶಾಲೆಗೆ ಹೋದ ದಿನ

ಹುಣಸೆಹಣ್ಣು ಬೂದಿ ಬೆರೆತ ವಾಸನೆ ಮೂಗಿಗೆ ಬಿದ್ದರೆ ಸಾಕು, ಝರಾಸಂಗಂನ ನಮ್ಮ ಮನೆಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುವ ಆಯಿ ಕಣ್ಣಿಗೆ ಕಟ್ಟುತ್ತಾಳೆ. ಆಯಿ ಅಂದರೆ ಅಪ್ಪನ ತಾಯಿ. ಮಾಸಿದ ಪಾತ್ರೆ ಕಂಡರೆ ಅವಳಿಗಾಗದು. ನೆರೆಮನೆಗೆ ಮಜ್ಜಿಗೆ ಕಳಿಸಬೇಕಾದರೂ ಬೆಳಗಿದ ತಂಬಿಗೆಯನ್ನೇ ಮತ್ತೊಮ್ಮೆ ಬೆಳಗುವಳು. ಅಂಥ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಿರಬಹುದು.

ನಾಲ್ಕನೇ ತರಗತಿಯಲ್ಲಿದ್ದಾಗ ಮಾಸ್ತರರು ನಮ್ಮನ್ನೆಲ್ಲ ಬಸ್ಸಿನಲ್ಲಿ ಹೈದರಾಬಾದಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಮಾತಾಡಿದರೆ ಹೊರಗೆ ಹಾಕುತ್ತಾರೆಂದು ಹೆದರಿಸಿದ್ದರಿಂದ ದೊಡ್ಡ ದೊಡ್ಡ ಚಿತ್ರಗಳ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ನಡೆದೆವು. ಒಂದು ಕಡೆ ಗಾಜಿನೊಳಗೆ ಬಿದರಿ ಕೆಲಸದ ಎಲೆಡಬ್ಬಿ ಇತ್ತು. ಕಪ್ಪು ಮೈ, ಅದರ ತುಂಬ ಬೆಳ್ಳಿಯ ಬಳ್ಳಿ. ನಾನು ತಡೆಯಲಾರದೆ ಕೂಗಿಬಿಟ್ಟೆ: "ನಮ್ಮನ್ಯಾಗೂ ಇಂಥಾದೇ ಅದರಿ! ನಮ್ಮಾಯಿ ಎಲಿ ಅಡಕಿ ಇಡ್ತಾಳ!" ಹುಡುಗರು ಕಿಸಕ್ಕೆಂದರು. ಮಾಸ್ತರರು ಮಾತ್ರ, "ಸೋಮವಾರ ತಗೊಂಡ್ ಬಾ, ನೋಡಮು," ಅಂದರು. ಬರುವಾಗ ಬಸ್ಸಿನುದ್ದಕ್ಕೂ ಎಲ್ಲರ ಬಾಯಲ್ಲಿ ನಾನು ಸುಳ್ಳುಬುರುಕಿ. ಸೋಮವಾರ ಬರಲಿ ಎಂದು ಹಲ್ಲು ಕಚ್ಚಿ ಕೂತೆ.

ಡಬ್ಬಿ ಆಯಿಗೆ ಬೀದರಿನ ತವರಿನಿಂದ ಬಂದದ್ದು. ವಿಷಯ ಕೇಳಿ ಅವಳು ಹಿಗ್ಗಿಹೋದಳು. ಅಷ್ಟು ವರ್ಷ ಅದನ್ನು ಎಣ್ಣೆಬಟ್ಟೆಯಲ್ಲಿ ಒರೆಸಿದ್ದಳಷ್ಟೇ, ಆದರೆ ಹೊರಗೆ ಹೋಗುವ ವಸ್ತು ಎಂದಮೇಲೆ ಅವಳ ಕೈ ಸುಮ್ಮನಿರಲಿಲ್ಲ. ಭಾನುವಾರ ನಾನು ಆಡಿಕೊಂಡು ಬರುವಷ್ಟರಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಬೆವರಿಳಿಸಿ ತಿಕ್ಕುತ್ತಿದ್ದಳು. "ಸಾಲಿಗಿ ಹೊಂಟದವ್ವಾ. ಇಷ್ಟ್ ಕರ್ರಗ್ ಒಯ್ದರ ಮಂದಿ ಏನಂದಾರು?" ಕಪ್ಪು ಹೋಗಿ ಮೈಯೆಲ್ಲ ಬೂದು ಬಣ್ಣವಾಯಿತು. ಅದರಲ್ಲಿ ಬೆಳ್ಳಿಯ ಬಳ್ಳಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಸ್ವಚ್ಛವಾಯಿತೆಂದು ನಾನೂ ಖುಷಿಪಟ್ಟೆ.

ತರಗತಿಯಲ್ಲಿ ಹುಡುಗರು ಅದನ್ನು ತಗಡಿನ ಡಬ್ಬಿ ಎಂದು ನಕ್ಕರು. ಮಾಸ್ತರರು ತಿರುಗಿಸಿ ತಿರುಗಿಸಿ ನೋಡಿ, "ಬಿದರಿ ತಿಕ್ಕಬಾರ್ದವ್ವಾ, ಕರಿ ಬಣ್ಣನೇ ಅದರ ಜೀವ," ಅಂದರು. ಸಂಜೆ ಮನೆಗೆ ಬಂದರೆ ಆಯಿ ಹೊಸ್ತಿಲಲ್ಲೇ ಕಾಯುತ್ತ ಕೂತಿದ್ದಳು.

"ಏನಂದ್ರವ್ವಾ ಮಾಸ್ತರು?"

"ನೀನೇ ಕೆಡಿಸೀದಿ. ನಿನ್ನಿಂದ ನನ್ ಮಾನ ಹೋತು," ಎಂದು ಡಬ್ಬಿಯನ್ನು ಅವಳ ಮಡಿಲಿಗೆ ಎಸೆದೆ. ಅವಳು ಎಲೆ ಅಡಿಕೆಯನ್ನು ಮತ್ತೆ ಅದರಲ್ಲೇ ತುಂಬಿಕೊಂಡಳು.

ನಾನೀಗ ಜಹೀರಾಬಾದಿನಲ್ಲಿ ನೌಕರಿಯಲ್ಲಿದ್ದೇನೆ. ಆ ಮನೆ ಇಲ್ಲ, ಆಯಿಯೂ ಇಲ್ಲ. ಇದ್ದಷ್ಟು ದಿನ ಅದೇ ಡಬ್ಬಿ ಬಳಸಿದಳು. ಮೊದಲೆಲ್ಲ ಬಂದವರ ಮುಂದೆ ಅದನ್ನು ಸರಿಸಿ "ಹಾಕ್ಕೋರಿ" ಅನ್ನುತ್ತಿದ್ದವಳು, ಆಮೇಲೆ ಯಾರೇ ಬಂದರೂ ಸೆರಗಿನಡಿ ಮುಚ್ಚಿಕೊಂಡು, ಎಲೆಯನ್ನಷ್ಟೇ ಕೈಯಲ್ಲಿ ತೆಗೆದುಕೊಡುತ್ತಿದ್ದಳು. ಕಣ್ಣಾರೆ ಕಂಡೂ ನಾನು ಒಂದು ದಿನವೂ "ಇರ್ಲಿ ಬಿಡು ಆಯಿ" ಅನ್ನಲಿಲ್ಲ.