ಮೊಣಕೈಯ ಮಹಿಮೆ

ಮನುಷ್ಯನ ಅಂಗಾಂಗಗಳ ಪೈಕಿ ಮೊಣಕೈಯಷ್ಟು ಅವಗಣನೆಗೆ ಗುರಿಯಾದದ್ದು ಇನ್ನೊಂದಿಲ್ಲ. ಕಣ್ಣನ್ನು ಕಮಲವೆಂದೂ ಪಾದವನ್ನು ಪಲ್ಲವವೆಂದೂ ಹೊಗಳಿದ ನಮ್ಮ ಕವಿಪುಂಗವರಿಗೆ, ಅನ್ನದ ತುತ್ತನ್ನು ಬಾಯಿಗೆ ಮುಟ್ಟಿಸುವ ಈ ಬಡಪಾಯಿ ಕೀಲಿನ ನೆನಪೇ ಆಗಲಿಲ್ಲ. ನನಗೂ ಅಷ್ಟೇ, ಬಾಗಿಲ ಚೌಕಟ್ಟಿಗೆ ತಾಗಿ ಜುಮ್ಮೆಂದಾಗ ಮಾತ್ರ ಅದರ ಅಸ್ತಿತ್ವದ ಅರಿವಾಗುತ್ತಿತ್ತು. ಈಗ ಹಾಗಲ್ಲ ಸ್ವಾಮಿ! ಮೊಣಕೈಯ ಸುದ್ದಿ ತೆಗೆದರೆ ಸಾಕು, ಎದೆ ಡವಡವ ಎನ್ನುತ್ತದೆ. ಕಾರಣ, ನಮ್ಮ ಪಕ್ಕದ ಮನೆಯ ರಕ್ಷಿತಾ.

ಅವಳ ತಾಯಿ ಗುಲಾಬಿಯಕ್ಕ ಕುಂದಾಪುರದ ಬಳಿಯ ಕೋಡಿಯ ಕಡಲತಡಿಯಲ್ಲಿ ಮೀನು ಒಣಗಿಸಿ ಮಾರುವವರು. ಚಾಪೆಯ ಮೇಲೆ ಹರವಿದ ಮೀನಿಗೆ ಕಾಗೆ ಬಾರದಂತೆ ಕಾಯುವ ಉದ್ಯೋಗ ಸಣ್ಣಂದಿನಿಂದ ಮಗಳದ್ದು. ಅದೇನು ಮಹಾ ಎನ್ನಬೇಡಿ. ಕಾಗೆಗೆಂದು ಎಸೆದ ಕಲ್ಲು ಚಾಪೆಯ ಮೇಲೆ ಬಿದ್ದರೆ ಮೀನೆಲ್ಲ ಮರಳುಮಯ. ಆದ್ದರಿಂದ ಅದು ಕಾಗೆಯ ಕೊಕ್ಕಿನ ಮುಂದೆ ಸುಂಯ್ಯೆಂದು ಹಾದು, ಮೀನನ್ನು ದಾಟಿ, ಆಚೆಯೇ ಬೀಳಬೇಕು. ಇವಳದ್ದು ಬೀಳುತ್ತಿತ್ತು. ನೆರವಾಗಲು ಹೋದ ನನ್ನದು ನೆಟ್ಟಗೆ ಬಂಗುಡೆಯ ರಾಶಿಗೇ ಬಿತ್ತು. "ಮಾಷ್ಟ್ರೆ, ನೀವ್ ಪಾಠ ಮಾಡಿ, ಸಾಕ್" ಎಂದರು ಗುಲಾಬಿಯಕ್ಕ.

ಇಂಥ ಕೈ ಕ್ರಿಕೆಟ್ಟಿಗೆ ಹೇಳಿಮಾಡಿಸಿದ್ದೆಂದು ನೀವೂ ಅಂದುಕೊಂಡಿರಿ ತಾನೇ? ಆದರೆ ಕ್ರಿಕೆಟ್ಟಿನ ಧರ್ಮಶಾಸ್ತ್ರದಲ್ಲಿ ಚೆಂಡೆಸೆಯುವಾಗ ಮೊಣಕೈ ಮಡಚಿ ಬಿಡಿಸುವುದು ಮಹಾಪಾತಕ. ರಕ್ಷಿತಾ ಎಸೆದದ್ದೆಲ್ಲ ನೋಬಾಲ್! ಶಾಲೆ ಮುಗಿಯುವವರೆಗೂ ಬೌಂಡರಿಯಾಚೆ ಹೋದ ಚೆಂಡು ಹೆಕ್ಕಿ ಕೊಡುವುದಷ್ಟೇ ಅವಳ ಆಟವಾಗಿತ್ತು.

ಕುಂದಾಪುರದ ಕಾಲೇಜಿಗೆ ಸೇರಿದ ಮೇಲೂ ಹೆಕ್ಕುತ್ತಲೇ ಇದ್ದಳು. ಒಂದು ದಿನ ಮೈದಾನದ ಅಂಚಿನಿಂದ ಅವಳೆಸೆದ ಚೆಂಡು ನೇರವಾಗಿ ಕೀಪರಳ ಕೈಯಲ್ಲಿ ಹೋಗಿ ಕುಳಿತದ್ದನ್ನು ಕಂಡ ವ್ಯಾಯಾಮದ ಮೇಷ್ಟ್ರು ಓಡಿಬಂದು, "ಬೇಸ್‌ಬಾಲ್ ಆಡ್ತ್ಯಾ? ಅಲ್ಲಿ ಕೈ ಎಷ್ಟ್ ಬೇಕಾರೂ ಮಡ್ಚ್ಲಕ್ಕ್" ಎಂದರಂತೆ. ಹುಡುಗಿ ಅಂದು ಮನೆಯವರೆಗೂ ಓಡಿಕೊಂಡೇ ಬಂದಳು. ಪ್ರಪಂಚದಲ್ಲಿ ಇನ್ನೂ ಎಷ್ಟು ಮಂದಿ ತಮ್ಮದಲ್ಲದ ಆಟದಲ್ಲಿ ನೋಬಾಲ್ ಎನಿಸಿಕೊಂಡು ಚೆಂಡು ಹೆಕ್ಕುತ್ತಿದ್ದಾರೋ!

ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಕೆಲಸ ಅವಳದ್ದಾಯಿತು. ಆದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮೊದಲ ಎರಡು ವರ್ಷವೂ ಕೈತಪ್ಪಿತು. ಕೊನೆಯ ವರ್ಷ ಗುಲಾಬಿಯಕ್ಕ ಖಡಾಖಂಡಿತವಾಗಿ, "ಈ ಸಲ ಆಯ್ಲಿಲ್ಲ ಅಂದ್ರೆ ಆಟ ಸಾಕ್, ನನ್ನೊಟ್ಟಿಗ್ ಮಾರ್ಕೆಟ್ಟಿಗ್ ಬಾ" ಎಂದುಬಿಟ್ಟರು. ರಕ್ಷಿತಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬ್ರಹ್ಮಾವರದ ಮೈದಾನದಲ್ಲಿ ಪಂದ್ಯ. ಆಯ್ಕೆಗಾರರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬ್ಯಾಟಿನವಳು ಮೂರು ಸಲ ಬೀಸಿ ಮೂರೂ ಸಲ ತಪ್ಪಿದರೆ ಔಟ್ ಎಂದು ನಾನು ಬಸ್ಸಿನಲ್ಲಿ ವಿವರಿಸುವಾಗ ಗುಲಾಬಿಯಕ್ಕ ಗಾಢನಿದ್ರೆಯಲ್ಲಿದ್ದರು. ಆಟ ಕೊನೆಗೆ ಬಂದಾಗ ನಮ್ಮವರಿಗೆ ಒಂದೇ ಓಟದ ಮುನ್ನಡೆ. ಇನ್ನೊಬ್ಬಳು ಔಟಾದರೆ ಗೆಲುವು. ರಕ್ಷಿತಾ ಕಾಲೆತ್ತಿದಳು, ಮೊಣಕೈ ಮಡಚಿದಳು, ಸುಂಯ್! ಎದುರಿನವಳು ಬೀಸಿದಳು, ತಪ್ಪಿತು. ಮತ್ತೆ ಸುಂಯ್, ಮತ್ತೆ ತಪ್ಪಿತು. ಉದ್ವೇಗದ ಭರದಲ್ಲಿ ನಾನು ಅಭ್ಯಾಸಬಲದಿಂದ "ನೋಬಾಲ್!" ಎಂದು ಕಿರುಚಿ ಅಕ್ಕಪಕ್ಕದವರಿಂದ ಉಗಿಸಿಕೊಂಡೆ. ಮೂರನೆಯದು ಕಣ್ಣಿಗೇ ಕಾಣಲಿಲ್ಲ. ಎದುರಿನವಳ ಬ್ಯಾಟು ಗಾಳಿಯನ್ನು ಸೀಳಿತು. ಕ್ಯಾಚರಳ ಗವಸು ಠಪ್ಪೆಂದಿತು.

ಹುಡುಗಿಯರೆಲ್ಲ ಓಡಿಬಂದು ರಕ್ಷಿತಾಳನ್ನು ಎತ್ತಿಕೊಂಡರು. ಅರವತ್ತರ ಗಾಂಭೀರ್ಯ ಮರೆತು ನಾನೂ ಕುಣಿದೆ. ಗುಲಾಬಿಯಕ್ಕ ಮಾತ್ರ ಪೆಚ್ಚಾಗಿ ನಿಂತಿದ್ದರು.

"ಎಂತ ಆಯ್ತ್ ಮಾಷ್ಟ್ರೆ? ಚೆಂಡ್ ಬ್ಯಾಟಿಗ್ ತಾಗ್ಲೇ ಇಲ್ಲ ಅಲ್ದಾ?"

"ತಾಗ್ಲಿಲ್ಲ ಅಂತ್ಲೇ ಗೆದ್ದದ್ದ್, ಗುಲಾಬಿಯಕ್ಕ!"

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರ ಹೆಸರು ಕೂಗಿದರು. ಮೊದಲ ಹೆಸರೇ ರಕ್ಷಿತಾ. ಗುಲಾಬಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಂಪಿನಲ್ಲಿ ನುಗ್ಗಿ ವ್ಯಾಯಾಮದ ಮೇಷ್ಟ್ರ ಎದುರು ನಿಂತರು.

"ಹ್ವಾಯ್, ಮುಂದಿನ ಆಟ ಎಲ್ಲಿ? ನಾನೂ ಬತ್ತೆ."