ಗೆಜ್ಜೆವಸ್ತ್ರದ ಬ್ರಾಂಡು

ಆ ವರ್ಷಗಳಲ್ಲಿ ಮಿಷಿಗನ್ನಿನ ನಮ್ಮ ಬಡಾವಣೆಯಲ್ಲಿ ಹಗಲು ಹೊತ್ತು ಗಂಡಸರು ಕಾಣಿಸತೊಡಗಿದ್ದರು. ಕಾರಿನ ಕಂಪನಿಗಳು ಕುಸಿದವು, ಅವಕ್ಕೆ ಬಿಡಿಭಾಗ ಒದಗಿಸುವ ಪ್ಲಿಮತ್ತಿನ ಆಫೀಸುಗಳು ಖಾಲಿಯಾದವು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಎಂಜಿನಿಯರುಗಳು ಅಂಚೆ ಡಬ್ಬಿಯ ಬಳಿ ನಿಂತು ಮನೆಮುಂದಿನ ಹುಲ್ಲಿನ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು. ನನ್ನ ಯಜಮಾನರೂ ಅವರಲ್ಲೊಬ್ಬರಾದರು. ಕೆಲಸ ಹೋದದ್ದಕ್ಕೆ ನಾನು ಅವರನ್ನು ಯಾವತ್ತೂ ಹಳಿದಿಲ್ಲ. ಹಳಿಯುವುದೇನಿದ್ದರೂ ಆಮೇಲಿನದಕ್ಕೆ. ಮನೆಯಲ್ಲಿ ಕೂತು ಕೂತು, ಒಂದು ದಿನ ಅವರ ಕಣ್ಣು ನನ್ನ ಅಂಗಡಿಯ ಮೇಲೆ ಬಿತ್ತು.

ಅಂಗಡಿ ಎಂದರೆ ಏನು ಮಹಾ! ಕೈಕೆಲಸದ ಸಾಮಾನು ಮಾರುವ ವೆಬ್‌ಸೈಟಿನಲ್ಲಿ ನನ್ನದೊಂದು ಪುಟ. ಹೂಬತ್ತಿ, ಮತ್ತೆ ದೇವರಿಗೆ ಏರಿಸುವ ಗೆಜ್ಜೆವಸ್ತ್ರ. ಊರಿನಿಂದ ಬಂದವರ ಸೂಟ್‌ಕೇಸಿನಲ್ಲಿ ತರಿಸಿಕೊಂಡ ಹತ್ತಿಯನ್ನು ಬಿಡಿಸಿ, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಎಳೆದು, ನಡುನಡುವೆ ಹೊಸೆದು ಮಣಿಯಂತೆ ಮಾಡಿ, ಕುಂಕುಮದ ಚುಕ್ಕೆ ಇಟ್ಟರೆ ಮುಗಿಯಿತು. ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಹತ್ತಿ ಹಾರಿ ಸ್ವೆಟರಿಗೂ ಮೂಗಿಗೂ ಅಂಟುತ್ತದೆ. ಅದಕ್ಕೆ ಪಕ್ಕದಲ್ಲೊಂದು ಬಿಸಿನೀರಿನ ಪಾತ್ರೆ ಇಟ್ಟುಕೊಳ್ಳಬೇಕು. ನನ್ನ ತಂತ್ರಜ್ಞಾನ ಇಷ್ಟೇ. ಕ್ಯಾಂಟನ್, ಟ್ರಾಯ್, ಆ ಕಡೆ ಶಿಕಾಗೋ ಹತ್ತಿರದ ಲಿಸ್ಲ್‌ವರೆಗೆ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿ ಗಿರಾಕಿಗಳಾಗಿದ್ದರು. ‘ಮಡೀಲಿ ಮಾಡ್ತಾಳೆ’ ಎನ್ನುವುದೊಂದೇ ನನಗಿದ್ದ ಜಾಹೀರಾತು. ನಾನು ಕಳಿಸಿದ್ದೆಂದರೆ ಬಿಡಿಸಿಯೂ ನೋಡದೆ ನೇರ ದೇವರ ಮುಂದೆ ಇಡುತ್ತಿದ್ದರು. ಈ ದೇಶಕ್ಕೆ ಬಂದಮೇಲೆ ನಾನು ಸ್ವಂತವಾಗಿ ಸಂಪಾದಿಸಿದ್ದು ಆ ನಂಬಿಕೆಯೊಂದನ್ನೇ.

“ನಿನ್ನ ಹತ್ರ ಪ್ರಾಡಕ್ಟ್ ಇದೆ ಕಣೆ, ಬ್ರಾಂಡ್ ಇಲ್ಲ” ಎಂದರು ಯಜಮಾನರು.

ಮಾರನೆಯ ದಿನದಿಂದ ನಮ್ಮ ಊಟದ ಮೇಜು ಅವರ ಆಫೀಸಾಯಿತು. ಜೊತೆಗೆ ಕೆಲಸ ಕಳೆದುಕೊಂಡಿದ್ದ ಇಬ್ಬರು ಗೆಳೆಯರು: ಪರ್ಚೇಸಿಂಗ್‌ನಲ್ಲಿದ್ದ ಬೆಂಗಳೂರಿನವರೊಬ್ಬರು, ಪ್ರಾಜೆಕ್ಟ್ ಮ್ಯಾನೇಜರಾಗಿದ್ದ ಹುಬ್ಬಳ್ಳಿಯವರೊಬ್ಬರು. ಗೋಡೆಗೆ ವೈಟ್‌ಬೋರ್ಡ್ ಬಂತು. ನಾನು ಅಡುಗೆಮನೆಯಲ್ಲಿ ಹತ್ತಿ ಎಳೆಯುತ್ತಿದ್ದರೆ, ಹತ್ತಿ ಎಳೆಯುವವಳ ‘ವಿಷನ್’ ಏನೆಂದು ಅವರು ಹೊರಗೆ ಚರ್ಚಿಸುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ಒಂದೇ ವಿಷಯಕ್ಕೆ.

“ವೈನಿ, ಇನ್ನೊಂದ್ ಕಪ್ ಛಾ ಸಿಕ್ರ ತಲಿ ಓಡ್ತದ್ರಿ” ಎಂದರು ಹುಬ್ಬಳ್ಳಿಯವರು, ಅತ್ತಿಗೆ ಎಂಬ ಸಲುಗೆಯಲ್ಲಿ.

ಕೊಟ್ಟೆ. ತಲೆ ಓಡಿದ ಗುರುತು ಮಾತ್ರ ನನಗೆ ಕಾಣಲಿಲ್ಲ.

ಲಾಂಛನಕ್ಕೆಂದು ಕಮಲ ಬರೆದರು. ಹೈಸ್ಕೂಲಿನಲ್ಲಿದ್ದ ಮಗಳು ಬ್ಯಾಗು ಇಳಿಸುತ್ತಾ ನೋಡಿ, “ಅಪ್ಪಾ, ದಟ್ಸ್ ಎ ಕಾಲಿಫ್ಲವರ್” ಎಂದಳು.

“ಕಮಲ ಪುಟ್ಟಿ ಅದು. ಸರಿಯಾಗಿ ನೋಡು.”

“ಓಕೆ. ಬಟ್ ಇಟ್ಸ್ ಎ ಕಾಲಿಫ್ಲವರ್.”

ಆಮೇಲೆ, ‘ಸೆಕ್ಯುರಿಟಿ’ಗೆಂದು ಅಂಗಡಿಯ ಪಾಸ್‌ವರ್ಡ್ ಬದಲಾಯಿಸಿಕೊಂಡು, ‘ನಮ್ಮ ಕಥೆ’ ಎಂಬ ಪುಟ ಹಾಕಿದರು. ಅದರಲ್ಲಿ ನಾನು ಮುಂಜಾನೆಯ ಮಂಜಿನಲ್ಲಿ ಕಾವೇರಿಯ ದಡದಲ್ಲಿ ಕೂತು ಅಜ್ಜಿಯ ತೊಡೆಗೊರಗಿ ಈ ಕಲೆಯನ್ನು ಕಲಿತಿದ್ದೆ. ನಮ್ಮಜ್ಜಿಯ ವಿಷಯ ಹೇಳುತ್ತೇನೆ ಕೇಳಿ. ಆಕೆ ಗೆಜ್ಜೆವಸ್ತ್ರವನ್ನು ಮಾರ್ಕೆಟ್ಟಿನಿಂದ ಪ್ಯಾಕೆಟ್ಟಿನಲ್ಲಿ ತರಿಸುತ್ತಿದ್ದರು, ಅದು ಸಣ್ಣದಾಯಿತೆಂದು ಗೊಣಗುತ್ತಿದ್ದರು. ಎಳೆಯನ್ನು ಬಿಗಿಮಾಡದೆ ಹಿಡಿಯುವುದನ್ನು ನಾನು ಕಲಿತದ್ದು ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ, ಸಿಸ್ಟರೊಬ್ಬರಿಂದ. ಹಾಗೆಂದು ಹೇಳಿದೆ.

“ಅಯ್ಯೋ, ಅದನ್ನ ಬರೆಯಕ್ಕಾಗಲ್ಲ” ಎಂದರು ಪರ್ಚೇಸಿಂಗ್‌ನವರು. “ಸಿಸ್ಟರ್ ನಮ್ಮ ಬ್ರಾಂಡಿಗೆ ಸೂಟ್ ಆಗಲ್ಲ.”

ಸಿಸ್ಟರನ್ನು ಕೈಬಿಟ್ಟರು. ಮಂಜು ಉಳಿಯಿತು.

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ಪ್ಯಾಕಿಂಗ್ ತಮಗೇ ಬಿಡಬೇಕೆಂದರು. ಅದಕ್ಕೆ ‘ಆಪರೇಷನ್ಸ್’ ಎಂದು ಹೆಸರು. ಸುಳ್ಳು ಹೇಳುವುದೇಕೆ, ನನಗೂ ಅದು ಹಗುರವೆನಿಸಿತು. ಮುಗಿದ ಸರಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಮೂವರೂ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಏನೋ ಸರ್ಪ್ರೈಸ್ ಇದೆ ಎಂದು ನಗಾಡಿಕೊಂಡು, ಎಲ್ಲವನ್ನೂ ಪೋಸ್ಟ್ ಮಾಡಿ ಬಂದರು.

ಹಬ್ಬದ ವಾರ ಸೋಮವಾರವೇ ಲಿಸ್ಲ್‌ನ ಆಂಟಿಯ ಫೋನು. ನನ್ನ ಗಿರಾಕಿಗಳಲ್ಲೆಲ್ಲ ಹಿರಿಯರು. ಅವರು ಹೂಂ ಎಂದರೆ ಆ ಕಡೆಯ ಮನೆಗಳೆಲ್ಲ ಹೂಂ.

“ಏನಮ್ಮಾ ಇದು? ಲಕ್ಷ್ಮಿ ಕೊರಳಿಗೆ ಹಾಕೋ ಗೆಜ್ಜೆವಸ್ತ್ರಕ್ಕೆ ಚರ್ಮದ ಚೂರು ಕಟ್ಟಿ ಕಳಿಸಿದೀಯಲ್ಲ!”

“ಚರ್ಮಾನಾ ಆಂಟಿ?”

“ಮೂಸಿ ನೋಡ್ದೆ ಕಣಮ್ಮ. ಚಪ್ಪಲಿ ಅಂಗಡಿ ವಾಸನೆ.”

ಗ್ಯಾರೇಜಿಗೆ ಹೋಗಿ ನೋಡಿದೆ. ಡಬ್ಬದ ತುಂಬ ಕಂದು ಬಣ್ಣದ ಪುಟ್ಟ ಪುಟ್ಟ ಪಟ್ಟಿಗಳು, ಪ್ರತಿಯೊಂದರ ಮೇಲೂ ಸುಟ್ಟು ಮೂಡಿಸಿದ ಕಾಲಿಫ್ಲವರ್. ಪೂಜೆಗೆ ಕೂರುವ ಮುಂಚೆ ಬೆಲ್ಟು, ಪರ್ಸು ತೆಗೆದಿಡುವ ಮನೆಗಳಲ್ಲಿ ಬೆಳೆದವರು ಈ ಮೂವರೂ! ತಾಯಿಯೋ ಹೆಂಡತಿಯೋ ಬೆಲ್ಟ್ ಬಿಚ್ಚಲು ಹೇಳಿದಾಗ ಬಿಚ್ಚಿ ಅಭ್ಯಾಸ, ಏಕೆಂದು ಯೋಚಿಸಿ ಅಭ್ಯಾಸವಿಲ್ಲ.

“ಪ್ರೀಮಿಯಂ ಬ್ರಾಂಡ್‌ಗಳೆಲ್ಲ ಹೀಗೇ ಟ್ಯಾಗ್ ಹಾಕ್ತಾರೆ ಕಣೆ” ಎಂದರು ಯಜಮಾನರು. “ಅದೂ ಜೆನ್ಯೂಯಿನ್ ಲೆದರ್. ಡೂಪ್ಲಿಕೇಟ್ ಅಲ್ಲ.”

“ಡೂಪ್ಲಿಕೇಟ್ ಆಗಿದ್ರೆ ನಾನು ಉಳ್ಕೋತಿದ್ದೆ.”

ಹುಬ್ಬಳ್ಳಿಯವರು ಸಂಧಾನಕ್ಕೆ ಬಂದರು. “ಅಲ್ರೀ ವೈನಿ, ಮೃದಂಗಕ್ಕೂ ಚರ್ಮಾನ ಇರ್ತದಲ್ರಿ. ದೇವ್ರ ಮುಂದನ ಬಾರಸ್ತಾರ.”

“ಬಾರಿಸ್ತಾರೆ. ಕೊರಳಿಗೆ ಹಾಕಲ್ಲ.”

ಪರ್ಚೇಸಿಂಗ್‌ನವರು ಅಷ್ಟರಲ್ಲಿ ಇಂಗ್ಲಿಷಿನಲ್ಲೊಂದು ಕ್ಷಮಾಪಣೆ ಈಮೇಲ್ ಶುರುಮಾಡಿದ್ದರು. ಅದರಲ್ಲಿ ಕ್ಷಮೆಯ ಹೊರತು ಬಾಕಿಯೆಲ್ಲ ಇತ್ತು.

ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲವರು ನಕ್ಕರು. ಕೆಲವರು “ಪರವಾಗಿಲ್ಲ ಬಿಡಿ” ಎಂದರು. ಆ ದನಿಯ ‘ಪರವಾಗಿಲ್ಲ’ದ ನಂತರ ಯಾರೂ ಇನ್ನೊಂದು ಸಲ ಕೊಳ್ಳುವುದಿಲ್ಲ. ಸ್ನಾನ ಮಾಡಿ ಹತ್ತಿ ಹಿಡಿದು ಕೂತೆ. ಹತ್ತಿರದವರಿಗೆಲ್ಲ ಕೈಯಾರೆ ಕೊಟ್ಟು, ಲಿಸ್ಲ್ ಕಡೆಯವರ ಪಾಲಿನದನ್ನು ಕಾರಿನಲ್ಲಿಟ್ಟುಕೊಂಡು ಬುಧವಾರ ಬೆಳಿಗ್ಗೆ ಹೊರಟೆ.

“ನಾನೂ ಬರ್ತೀನಿ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ” ಎಂದರು ಯಜಮಾನರು.

“ಬೇಡಿ” ಎಂದು ಗಾಜು ಏರಿಸಿದೆ.

ಇಂಡಿಯಾನಾ ಉದ್ದಕ್ಕೂ ರಸ್ತೆ ರಿಪೇರಿ, ಎರಡೂ ಪಕ್ಕದಲ್ಲಿ ಟ್ರಕ್ಕು. ಆಂಟಿ ಬಾಗಿಲಲ್ಲಿ ಬಯ್ಯಲಿಲ್ಲ, ಮಜ್ಜಿಗೆ ಕೊಟ್ಟರು. ಎದುರಿಗೇ ಕೂತು ಒಂದೊಂದೇ ಕವರು ಬಿಚ್ಚಿದರು. ಸರವನ್ನು ತಿರುಗಿಸಿ ನೋಡಿದರು, ಮೂಸಿದರು, ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈಹಾಕಿದರು.

“ತಪ್ಪು ತಿಳ್ಕೋಬೇಡಮ್ಮ.”

“ಇಲ್ಲ ಆಂಟಿ, ನೋಡ್ಕೊಳಿ.”

ಎಲ್ಲ ನೋಡಿಯಾದಮೇಲೆ ಅರಿಶಿನ ಕುಂಕುಮ ಕೊಟ್ಟರು. ಗೌರಿ ಹಬ್ಬದ್ದನ್ನು ತಮ್ಮನ ಮಗಳು ಮೈಸೂರಿನಿಂದಲೇ ತರುತ್ತಾಳಂತೆ. “ಆಮೇಲೆ ನೋಡೋಣ” ಎಂದು ಬೆನ್ನು ಸವರಿದರು.

ಸಂಜೆ ಮನೆಗೆ ಬಂದರೆ ಮೂವರೂ ಮೇಜಿನ ಸುತ್ತ ಇದ್ದರು. ವೈಟ್‌ಬೋರ್ಡಿನ ಮೇಲೆ ‘ಬ್ರಾಂಡ್ ರಿಕವರಿ’ ಎಂದು ಬರೆದು ಅಡಿಗೆರೆ ಎಳೆದಿತ್ತು. ಯಜಮಾನರು ಮಾರ್ಕರ್ ಹಿಡಿದುಕೊಂಡೇ ತಿರುಗಿ, “ಕಸ್ಟಮರ್ ಫೀಡ್‌ಬ್ಯಾಕ್ ಏನು?” ಎಂದರು.

“ಅಂಗಡಿ ಪಾಸ್‌ವರ್ಡ್ ಬದಲಾಯಿಸಿದೀರಲ್ಲ, ಅದನ್ನ ಕೊಡಿ” ಎಂದೆ. ಗೆಳೆಯರು ಕೂತಿದ್ದರಲ್ಲ, ‘ಪ್ಲೀಸ್’ ಎಂದೂ ಸೇರಿಸಿದೆ.